ನಲ್ಲಿ ತಿರುಗಿಸಿ ನೋಡಿದವರು

ಆಸ್ಟ್ರೇಲಿಯಾದ ದೂರದ ಮೂಲನಿವಾಸಿ ಊರುಗಳಲ್ಲಿ ಬಳಕೆಗೆ ಬಂದ ‘ಹೌಸಿಂಗ್ ಫಾರ್ ಹೆಲ್ತ್’ ಪದ್ಧತಿಯ ದೊಡ್ಡ ಗುಣವೆಂದರೆ ಅದು ಯಾರಿಗೂ ಬುದ್ಧಿ ಹೇಳಲು ಹೋಗುವುದಿಲ್ಲ. ಮಕ್ಕಳ ಮುಖ ತೊಳೆಯಿರಿ ಎಂದು ಪೋಸ್ಟರ್ ಅಂಟಿಸುವ ಮುಂಚೆ ಆ ಮನೆಯಲ್ಲಿ ನೀರು ಬರುತ್ತದೆಯೇ ಎಂದು ನಲ್ಲಿ ತಿರುಗಿಸಿ ನೋಡುತ್ತದೆ. ಇಷ್ಟು ಸಾದಾ ವಿಚಾರ ತಲೆಗೆ ಹೋಗಲು 1980ರ ದಶಕದವರೆಗೆ ಕಾಯಬೇಕಾಯಿತು.

ದಕ್ಷಿಣ ಆಸ್ಟ್ರೇಲಿಯಾದ ವಾಯವ್ಯ ಮೂಲೆಯ ಮರುಭೂಮಿಯನ್ನು ಈಗ ಎಪಿವೈ ಲ್ಯಾಂಡ್ಸ್ ಎನ್ನುತ್ತಾರೆ. ಅಲ್ಲಿ ಮೂಲನಿವಾಸಿಗಳೇ ನಡೆಸುವ ಙಾನಂಪ ಹೆಲ್ತ್ ಕೌನ್ಸಿಲ್ ಇದೆ. ಅದರ ಹೊಣೆ ಹೊತ್ತಿದ್ದ ಯಾಮಿ ಲೆಸ್ಟರ್, 1953ರ ಬ್ರಿಟಿಷ್ ಅಣುಪರೀಕ್ಷೆಯ ಕಪ್ಪು ಮಂಜು ತನ್ನ ಮೇಲೆ ಹಾದುಹೋದ ಮೇಲೆ ಕಣ್ಣು ಹೋಯಿತು ಎನ್ನುತ್ತಿದ್ದವರು. ಕ್ಲಿನಿಕ್ ಚೆನ್ನಾಗಿ ನಡೆದರೂ ಜನ ಕಾಯಿಲೆ ಬೀಳುವುದು ನಿಲ್ಲಲಿಲ್ಲವೆಂಬ ಕೊರಗು ಅವರದು. ವಾಸ್ತುಶಿಲ್ಪಿ ಪಾಲ್ ಫೊಲೆರೋಸ್, ವೈದ್ಯ ಪಾಲ್ ಟೊರ್ಜಿಲೊ, ಪರಿಸರ ಆರೋಗ್ಯದ ಸ್ಟೀಫನ್ ರೈನೋ ಈ ಮೂವರಿಗೆ ಅವರು ಒಪ್ಪಿಸಿದ ಕೆಲಸ ಒಂದೇ: ಜನ ಕಾಯಿಲೆ ಬೀಳದಂತೆ ಮಾಡಿ. 1987ರಲ್ಲಿ ಬಂದ ವರದಿ ಒಂಬತ್ತು ದೈನಂದಿನ ಅಗತ್ಯಗಳನ್ನು ಆದ್ಯತೆಯ ಪ್ರಕಾರ ಜೋಡಿಸಿತು. ಮೊದಲನೆಯದು ಮೈ ತೊಳೆಯುವುದು, ಅದರಲ್ಲೂ ಐದು ವರ್ಷದೊಳಗಿನ ಮಕ್ಕಳದು. ಚರ್ಮದ ಮೇಲಿನ ಕಜ್ಜಿ, ಅದರಲ್ಲಿ ಸೇರಿಕೊಳ್ಳುವ ಬ್ಯಾಕ್ಟೀರಿಯಾ, ಅದರಿಂದ ಮುಂದೆ ಹೃದಯದ ಕವಾಟ ಹಾಳುಮಾಡುವ ಸಂಧಿವಾತ ಜ್ವರ, ಪದೇ ಪದೇ ತಗುಲಿ ಕೊನೆಗೆ ಕುರುಡು ಮಾಡುವ ಟ್ರಕೋಮ, ಇವೆಲ್ಲಕ್ಕೂ ದಾರಿ ಬಚ್ಚಲಿನಿಂದಲೇ ಶುರುವಾಗುತ್ತದೆ.

ಪದ್ಧತಿ ಕೆಲಸ ಮಾಡುವ ಬಗೆ ಗಮನಿಸಬೇಕಾದದ್ದು. ಬಹುಪಾಲು ಸ್ಥಳೀಯರೇ ಇರುವ ತಂಡ ಕಾಗದ ಹಿಡಿದು ಮನೆಯೊಳಗೆ ಬರುತ್ತದೆ. ಬಿಸಿನೀರು ಬರುತ್ತಿದೆಯೇ, ಬಂದರೆ ಎಷ್ಟು ಬಿಸಿ, ಬಿದ್ದ ನೀರು ಮೋರಿಗೆ ಇಳಿಯುತ್ತದೆಯೋ ನಿಲ್ಲುತ್ತದೆಯೋ, ಮಗುವನ್ನು ಕೂರಿಸಿ ತೊಳೆಯಲು ತೊಟ್ಟಿ ಇದೆಯೇ, ಪ್ಲಗ್ ಪಾಯಿಂಟ್ ಮುಟ್ಟಿದರೆ ಶಾಕ್ ಹೊಡೆಯುತ್ತದೆಯೇ, ಒಲೆಯ ನಿಯಂತ್ರಕದೊಳಗೆ ಜಿರಲೆ ಸೇರಿದೆಯೇ ಎಂದು ಇನ್ನೂರಕ್ಕೂ ಹೆಚ್ಚು ಅಂಶ ನೋಡುತ್ತಾರೆ. ರಿಪೇರಿಯಿಲ್ಲದೆ ಸರ್ವೆಯಿಲ್ಲ ಎಂಬುದು ಅವರ ಕಟ್ಟುನಿಟ್ಟು. ಎಲೆಕ್ಟ್ರಿಷಿಯನ್, ಪ್ಲಂಬರ್ ಜೊತೆಗೇ ಬಂದಿರುತ್ತಾರೆ, ಮೊದಲ ದಿನವೇ ಕೆಲಸ ಆರಂಭ. ಸರ್ವೆ ಮಾಡಿಸಿಕೊಂಡು ಸುಸ್ತಾದ ಜನರ ಮುಂದೆ ಇದಕ್ಕಿಂತ ಮರ್ಯಾದೆಯ ನಡವಳಿಕೆ ಇನ್ನೊಂದಿಲ್ಲ.

ಸಾವಿರಾರು ಮನೆ ನೋಡಿದ ಮೇಲೆ ಸಿಕ್ಕ ಚಿತ್ರ ಮುಖಕ್ಕೆ ಹೊಡೆದಂತಿದೆ. ಶವರ್ ಸರಿಯಿದ್ದದ್ದು 35% ಮನೆಗಳಲ್ಲಿ. ಕೆಟ್ಟದ್ದೇಕೆ? 70% ನಿತ್ಯದ ನಿರ್ವಹಣೆಯಿಲ್ಲದೆ, 21% ಕಟ್ಟುವಾಗಲೇ ಕೈಕೊಟ್ಟದ್ದರಿಂದ. ಮನೆಯವರ ದುರ್ಬಳಕೆಯ ಪಾಲು 9%. ಕೊಟ್ಟ ಮನೆಯನ್ನು ಅವರೇ ಹಾಳುಮಾಡುತ್ತಾರೆ ಎಂಬ ಬಿಳಿಯರ ಬಾರ್ ಮಾತಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ. ಅಷ್ಟು ಸಾಕ್ಷ್ಯ ಬಂದ ಮೇಲೂ ಆ ಮಾತು ಸತ್ತಿಲ್ಲ, ಅದು ಬೇರೆ ಕಥೆ.

ನ್ಯೂ ಸೌತ್ ವೇಲ್ಸ್ ಆರೋಗ್ಯ ಇಲಾಖೆಯ ಹತ್ತು ವರ್ಷದ ಲೆಕ್ಕದ ಪ್ರಕಾರ, ಈ ರಿಪೇರಿ ಕಂಡ ಮನೆಗಳವರು ಸೋಂಕು ರೋಗಕ್ಕಾಗಿ ಆಸ್ಪತ್ರೆ ಸೇರುವುದು ಉಳಿದ ಗ್ರಾಮೀಣ ಮೂಲನಿವಾಸಿಗಳಿಗಿಂತ 40% ಕಡಿಮೆ. ಸಣ್ಣ ಫಲವಲ್ಲ. ಆದರೆ ಊರುಗಳನ್ನು ಚೀಟಿ ಎತ್ತಿ ಆರಿಸಿದ್ದಲ್ಲ. ಪ್ಲಂಬರ್‌ಗೆ ಫೋನ್ ಮಾಡಿದರೆ ಬರುವಷ್ಟು ಹತ್ತಿರದ ಊರುಗಳಲ್ಲಿ ಸಿಕ್ಕ ಫಲ ಮರುಭೂಮಿಯಲ್ಲೂ ಹಾಗೇ ಸಿಗುತ್ತದೆ ಎನ್ನಲು ನನಗೆ ಧೈರ್ಯ ಸಾಲದು.

ಪದ್ಧತಿಯ ಕೊರತೆ ಇರುವುದೂ ಅಲ್ಲೇ. ತಂಡ ಬಂದು ಹೋದ ಮೇಲೆ ಬೋರ್‌ವೆಲ್ಲಿನ ಗಡಸು ನೀರು ತನ್ನ ಕೆಲಸ ಮುಂದುವರಿಸುತ್ತದೆ: ಹೀಟರ್ ಒಳಗೆ ಸುಣ್ಣ ಕಟ್ಟುತ್ತದೆ, ನಲ್ಲಿ ಬಿಗಿಯುತ್ತದೆ. ಹತ್ತು ಹದಿನೈದು ಜನ ಒಂದೇ ಶವರ್ ಬಳಸಿದರೆ ಎಷ್ಟು ಒಳ್ಳೆಯ ಕೊಳಾಯಿಯಾದರೂ ತಡೆಯದು. ಕರೆಂಟಿನದು ಇನ್ನೂ ವಿಚಿತ್ರ. ಪರೀಕ್ಷೆಯ ದಿನ ಫ್ರಿಜ್ ಸರಿಯಿದೆ ಎಂದು ಗುರುತು ಬೀಳಬಹುದು. ಆದರೆ ನಾರ್ದರ್ನ್ ಟೆರಿಟರಿಯ ದೂರದ ಊರುಗಳಲ್ಲಿ ಹಲವು ಮನೆಗಳ ಮೀಟರ್ ಪ್ರೀಪೇಯ್ಡ್, ದುಡ್ಡು ಮುಗಿದರೆ ಕರೆಂಟೂ ಮುಗಿಯಿತು. 2021ರಲ್ಲಿ ‘ನೇಚರ್ ಎನರ್ಜಿ’ಯಲ್ಲಿ ಪ್ರಕಟವಾದ ಅಧ್ಯಯನ ಸುಮಾರು 3,300 ಮನೆಗಳನ್ನು ನೋಡಿತ್ತು. 2018-19ರಲ್ಲಿ ಅವುಗಳಲ್ಲಿ 91% ಮನೆಗಳ ಕರೆಂಟು ಒಮ್ಮೆಯಾದರೂ ಹೋಗಿತ್ತು, 74% ಮನೆಗಳದ್ದು ಹತ್ತಕ್ಕಿಂತ ಹೆಚ್ಚು ಸಲ. ವೈರಿಂಗಿನ ತಪ್ಪೆಲ್ಲಿದೆ ಇದರಲ್ಲಿ? ನಲ್ಲಿ, ಮೋರಿ, ಪ್ಲಗ್ ನೋಡುವ ಕಾಗದದಲ್ಲಿ ಬಡತನಕ್ಕೆ ಜಾಗವಿಲ್ಲ.

ಸರ್ಕಾರಗಳಿಗೆ ಈ ಪದ್ಧತಿ ಇಷ್ಟವಾಗುವುದು ಅಭಿಯಾನದ ರೂಪದಲ್ಲಿ. ಬಂದರು, ಸರಿಮಾಡಿದರು, ಫೋಟೋ ಆಯಿತು. 2008ರಿಂದ ದೂರದ ಮೂಲನಿವಾಸಿ ಊರುಗಳ ಹತ್ತು ವರ್ಷದ ರಾಷ್ಟ್ರೀಯ ವಸತಿ ಒಪ್ಪಂದಕ್ಕೆ ಐದು ಶತಕೋಟಿ ಡಾಲರಿಗೂ ಹೆಚ್ಚು ಹೋಯಿತು. ಆದರೂ ಆಲಿಸ್ ಸ್ಪ್ರಿಂಗ್ಸ್ ಬಳಿಯ ಸಾಂತಾ ತೆರೇಸಾದ ಬಾಡಿಗೆದಾರರು 2016ರಲ್ಲಿ ತಮ್ಮ ಮನೆಮಾಲೀಕನಾದ ಸರ್ಕಾರದ ಮೇಲೆಯೇ ದಾವೆ ಹೂಡಬೇಕಾಯಿತು. ಒಬ್ಬ ಮಹಿಳೆಯ ಮನೆಗೆ 68 ತಿಂಗಳು ಹಿಂಬಾಗಿಲೇ ಇರಲಿಲ್ಲ. ನ್ಯಾಯಮಂಡಳಿ ಅದಕ್ಕೆ ಕೊಟ್ಟದ್ದು 100 ಡಾಲರ್! ನಾರ್ದರ್ನ್ ಟೆರಿಟರಿಯ ಸುಪ್ರೀಂ ಕೋರ್ಟ್ ಅದನ್ನು 10,200ಕ್ಕೆ ಏರಿಸಿತು. ಮೇಲ್ಮನವಿಯಲ್ಲಿ ಅದೂ ಬಿದ್ದುಹೋಗಿ, 2023ರ ನವೆಂಬರಿನಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಆಕೆಯ ಸಂಕಟಕ್ಕೂ ಪರಿಹಾರವಿದೆ ಎಂದು ಹೇಳಬೇಕಾಯಿತು. ಫೊಲೆರೋಸ್ ತಂಡದ ಕಾಗದ ಬಾಗಿಲಿಲ್ಲ ಎಂಬುದನ್ನು ಗುರುತಿಸುತ್ತದೆ, ಬಹುಶಃ ಅಂದೇ ಹಾಕಿಯೂ ಕೊಡುತ್ತದೆ. ಅದನ್ನು ಐದೂವರೆ ವರ್ಷಕ್ಕೂ ಹೆಚ್ಚು ಕಾಲ ಹಾಕದೆ ಬಿಟ್ಟವರು ಯಾರು, ಅವರು ಯಾರಿಗೆ ಉತ್ತರ ಕೊಡಬೇಕು ಎಂದು ಕೇಳುವ ಕೆಲಸ ಬಾಡಿಗೆ ಕಾನೂನಿನದಾಯಿತು. ಮುಂದಿನ ಆವೃತ್ತಿಯ ಕಾಗದದಲ್ಲಿ ಮನೆಮಾಲೀಕನ ಹೆಸರಿಗೆ, ಕೆಲಸ ಮುಗಿಸಬೇಕಾದ ತಾರೀಖಿಗೆ ಎರಡು ಕಾಲಂ ಸೇರಿಸಬಹುದು.