ಬಾಲದ ಅಂಕಿ

ಬ್ರೂಕ್‌ಫೀಲ್ಡ್ ಸುತ್ತಮುತ್ತ, ಕುಂದಲಹಳ್ಳಿ ಗೇಟಿನಿಂದ ಐಟಿಪಿಎಲ್‌ವರೆಗಿನ ಆಫೀಸುಗಳಲ್ಲಿ ಯಾರೂ ತಾವಾಗಿ ಎತ್ತಿಕೊಳ್ಳದ ಒಂದು ಬಗೆಯ ಟಿಕೆಟ್ ಇದೆ. ಸರ್ವರಿನಲ್ಲಿ ಯಾವುದೋ ಷೇರ್ಡ್ ಲೈಬ್ರರಿ ಅಪ್‌ಗ್ರೇಡ್ ಆಗಿದೆ. ಹಳೆಯದನ್ನೇ ನಂಬಿ ಕೂತ ಪ್ರೋಗ್ರಾಮುಗಳನ್ನು ಹುಡುಕಿ ಮತ್ತೆ ಬಿಲ್ಡ್ ಮಾಡಬೇಕು. ಡೆಮೊ ತೋರಿಸಲು ಏನೂ ಇರುವುದಿಲ್ಲ, ಅಪ್ರೈಸಲ್‌ನಲ್ಲಿ ಬರೆದುಕೊಳ್ಳಲೂ ಏನಿಲ್ಲ. ನನಗೋ, ಇಂಥ ಟಿಕೆಟ್ ಅಂದರೆ ಆಸೆ.

ಸೊಗಸು ಶುರುವಾಗುವುದು ಹೆಸರಿನ ಬಾಲದಲ್ಲಿ. ಲಿನಕ್ಸಿನ ಪ್ರೋಗ್ರಾಮು ತನಗೆ ಬೇಕಾದ ಲೈಬ್ರರಿಗಳ ಹೆಸರನ್ನು ತನ್ನೊಳಗೇ ಬರೆದಿಟ್ಟುಕೊಂಡಿರುತ್ತದೆ, ಸಾಮಾನ್ಯವಾಗಿ ಹೆಸರಿನ ತುದಿಗೊಂದು ಅಂಕಿಯ ಸಮೇತ. ಕರೆಯುವ ರೀತಿ ಬದಲಾಗುವುದಿಲ್ಲ ಎಂದು ಲೈಬ್ರರಿ ಬರೆದವರು ಕೊಟ್ಟ ಮಾತು ಆ ಅಂಕಿ. ಮಾತು ಮುರಿಯಲೇಬೇಕಾದಾಗ ಅಂಕಿ ಬದಲಿಸುತ್ತಾರೆ. ಎಲ್ಲದಕ್ಕೂ ತಳದಲ್ಲಿರುವ ಜಿಲಿಬ್‌ಸಿ ಎಂಬ ಲೈಬ್ರರಿ 1997ರಲ್ಲಿ 6 ಎಂದು ಹಾಕಿಕೊಂಡಿತು, ನಮ್ಮ ಪಿಸಿಗಳಲ್ಲಿ ಇವತ್ತಿಗೂ 6. ಒಳಗೇನೂ ಬದಲಾಗಿಲ್ಲವೆಂದಲ್ಲ, ಒಂದೊಂದು ಫಂಕ್ಷನ್ನಿಗೂ ಬೇರೆ ಬೇರೆ ವರ್ಷನ್ ಚೀಟಿ ಅಂಟಿಸಿದ್ದಾರೆ. 2010ರಲ್ಲಿ ಫೆಡೋರಾ 14 ಬಂದಾಗ ಫ್ಲಾಶ್‌ನ ಧ್ವನಿ ಗೊರಗೊರ ಎನ್ನತೊಡಗಿತು. ಜಿಲಿಬ್‌ಸಿಯ ಮೆಮ್‌ಕಾಪಿ ಎಂಬ ಫಂಕ್ಷನ್ನು ಬೈಟುಗಳನ್ನು ನಕಲಿಸುವ ಕ್ರಮ ಬದಲಾಗಿತ್ತು. ನಿಯಮ ಮೀರಿ ಅದನ್ನು ಬಳಸಿದ್ದು ಫ್ಲಾಶೇ, ನಿಜ. ಆದರೆ ಕಂಪ್ಯೂಟರಿನ ಮುಂದೆ ಕೂತವರಿಗೆ ತಪ್ಪು ಯಾರದಾದರೇನು ಎಂದು ಲಿನಸ್ ಟೊರ್ವಾಲ್ಡ್ಸ್ ವಾದಕ್ಕೆ ನಿಂತರು. ಮರುವರ್ಷದ ಜಿಲಿಬ್‌ಸಿ 2.14ರಲ್ಲಿ ಹೊಸದಾಗಿ ಬಿಲ್ಡ್ ಆದವಕ್ಕೆ ಹೊಸ ಮೆಮ್‌ಕಾಪಿ, ಹಳೆಯವಕ್ಕೆ ತಪ್ಪನ್ನು ಸಹಿಸಿಕೊಳ್ಳುವ ಮೆಮ್‌ಕಾಪಿ ಎಂದಾಯಿತು. ಇಷ್ಟು ದೊಡ್ಡ ಮನಸ್ಸಿನ ಎಂಜಿನಿಯರಿಂಗ್ ನಾನು ಕಂಡದ್ದು ಕಡಿಮೆ.

ಹುಡುಕಾಟಕ್ಕೆ ಎಲ್‌ಡಿಡಿ ಎಂಬ ಕಮಾಂಡ್ ಇದೆ. ಪ್ರೋಗ್ರಾಮಿನ ಮೇಲೆ ಓಡಿಸಿದರೆ ಲೈಬ್ರರಿಗಳ ಪಟ್ಟಿ ಬೀಳುತ್ತದೆ, ಸಿಗದ ಕಡೆ ‘ನಾಟ್ ಫೌಂಡ್’. (ಗೊತ್ತುಗುರಿಯಿಲ್ಲದ ಫೈಲಿನ ಮೇಲೆ ಬೇಡ, ಕೆಲವೊಮ್ಮೆ ಆ ಪ್ರೋಗ್ರಾಮೇ ಓಡಿಬಿಡಬಹುದು.) ಜೆಂಟೂ ಲಿನಕ್ಸಿನ ರೆವ್‌ಡೆಪ್-ರೀಬಿಲ್ಡ್ ಇಡೀ ಮೆಷಿನ್ನನ್ನು ಹೀಗೆ ಜಾಲಾಡಿ, ಮುರಿದ ಫೈಲು ಯಾವ ಪ್ಯಾಕೇಜಿನದೆಂದು ಪತ್ತೆಹಚ್ಚಿ, ಯಾವುದು ಮೊದಲು, ಯಾವುದು ಆಮೇಲೆ ಎಂದು ಸರದಿ ಹಚ್ಚುತ್ತದೆ. ಆ ಸರದಿಯನ್ನು ಓದುವುದೇ ಒಂದು ಸುಖ. ಯಾರು ಯಾರನ್ನು ಆತುಕೊಂಡಿದ್ದರು ಎಂಬುದು ಅಲ್ಲಿಯೇ ಬಯಲಾಗುವುದು. 2010ರಲ್ಲಿ ಲಿಬ್‌ಪಿಎನ್‌ಜಿ 1.2ರಿಂದ 1.4ಕ್ಕೆ ಜಿಗಿದಾಗ ಚಿತ್ರ ಓದುವ ಒಂದು ಪುಟ್ಟ ಲೈಬ್ರರಿಯ ದೆಸೆಯಿಂದ ಜಿಟಿಕೆ ಮೊದಲ್ಗೊಂಡು ಗ್ನೋಮ್ ಡೆಸ್ಕ್‌ಟಾಪಿನ ಎಷ್ಟೋ ಭಾಗ ಮತ್ತೆ ಕಂಪೈಲ್ ಆಗಬೇಕಾಯಿತು. ಹಳೆಯ ಹೆಸರಿಗೆ ಹೊಸ ಫೈಲನ್ನು ಸಿಮ್‌ಲಿಂಕ್ ಮಾಡಿ ಮನೆಗೆ ಹೊರಡುವವರೂ ಇದ್ದಾರೆ. ಕೆಲಸ ನಡೆದಂತೆಯೇ ಕಾಣುತ್ತದೆ. ಎಚ್ಚರಿಸಲೆಂದೇ ಅಂಕಿ ಬದಲಿಸಿದವರ ಬಾಯಿ ಮುಚ್ಚಿಸುವ ಈ ಜಾಣತನ ನನಗೆ ಸೇರದು.

ಕನ್ನಡ ಟೈಪಿಸುವವನಾಗಿ ನನಗೆ ಇನ್ನೊಂದು ಜೋಡಿಯ ಮೇಲೆ ಅಕ್ಕರೆ. ಲಿಬ್ರೆಆಫೀಸಿನಲ್ಲಿ ‘ಬ್ರೂಕ್‌ಫೀಲ್ಡ್’ ಎಂದು ಬರೆದರೆ ಬಕಾರಕ್ಕೆ ರ ಒತ್ತು ಕೂರಿಸುವುದು, ನಡುವಿನ ಕಾಣದ ಅಕ್ಷರವನ್ನು ಗಮನಿಸಿ ಫಕಾರವು ಕಕಾರದ ಒತ್ತಾಗದಂತೆ ಕಾಯುವುದು ಹಾರ್ಫ್‌ಬಜ್. ಅದರ ಅಂಕಿ 0, ಇದುವರೆಗೆ ಅಲುಗಿಲ್ಲ. ಅಕಾರಾದಿಯಲ್ಲಿ ಯಾವ ಪದ ಎಲ್ಲಿ ಬರಬೇಕೆಂದು ಹೇಳುವ ಐಸಿಯು ಇದಕ್ಕೆ ತದ್ವಿರುದ್ಧ: ಸಾಮಾನ್ಯವಾಗಿ ವರ್ಷಕ್ಕೆರಡು ಸಲ ಅಂಕಿ ಏರಿಸುತ್ತದೆ. ಉಬುಂಟು 22.04ರಲ್ಲಿ 70, 24.04ರಲ್ಲಿ 74. ಒಳಗಿನ ಫಂಕ್ಷನ್ನುಗಳ ಹೆಸರಿಗೂ ಆ ಅಂಕಿ ಅಂಟಿಕೊಂಡಿರುವುದರಿಂದ ಸಿಮ್‌ಲಿಂಕ್ ಜಾಣತನ ಅಲ್ಲಿ ನಡೆಯದು. ಅಂಕಿ ಏರಿದಾಗ ಡೆಬಿಯನ್‌ನಲ್ಲಿ ಐಸಿಯುವನ್ನು ನೆಚ್ಚಿದ ಪ್ಯಾಕೇಜುಗಳು ಸಾಧ್ಯವಾದಷ್ಟೂ ಸೋರ್ಸಿನಲ್ಲಿ ಒಂದಕ್ಷರವೂ ಬದಲಾಗದೆ ಮತ್ತೆ ಬಿಲ್ಡ್ ಆಗುತ್ತವೆ, ವರ್ಷನ್ನಿನ ಕೊನೆಗೆ ‘+ಬಿ1’ ಎಂಬ ಗುರುತು ಹೊತ್ತು.

ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ. ಐಸಿಯು ಬದಲಾದರೆ ಅಕಾರಾದಿಯ ಕ್ರಮವೂ ಎಲ್ಲೋ ಕೊಂಚ ಸರಿದಿರಬಹುದು. ತನ್ನ ಕ್ರಮ ಯಾವ ವರ್ಷನ್ನಿನದೆಂದು ಡೇಟಾಬೇಸು ಬರೆದಿಟ್ಟುಕೊಂಡು, ಹೊಂದದಿದ್ದರೆ ಎಚ್ಚರಿಸುತ್ತದೆ. ಆಗ ಆ ಕ್ರಮವನ್ನು ನಂಬಿದ ಇಂಡೆಕ್ಸುಗಳನ್ನೂ ಹುಡುಕಿ ಮತ್ತೆ ಕಟ್ಟಬೇಕು.