ಚಿತ್ರದೊಳಗಣ ಕಣಿವೆ, ಚೌಕಟ್ಟಿನ ಹೊರಗಣ ಜನ

ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ ಮಮ್ಮಟನು ಯಶಸ್ಸು, ಅರ್ಥಲಾಭ, ವ್ಯವಹಾರಜ್ಞಾನಗಳೊಡನೆ ಅಮಂಗಳದ ನಿವಾರಣೆಯನ್ನೂ ಕಾಂತೆಯ ಮಾತಿನಂತೆ ಮನವೊಲಿಸುವ ಉಪದೇಶವನ್ನೂ ಸೇರಿಸಿರುವನು. ವೇದವು ಪ್ರಭುವಿನಂತೆ ವಿಧಿಸುವುದು, ಪುರಾಣವು ಮಿತ್ರನಂತೆ ತಿಳಿಯಹೇಳುವುದು. ಕಾವ್ಯವಾದರೋ ಒಲಿಸಿ ಒಪ್ಪಿಸುವುದು. ಈ ಲಕ್ಷಣವು ಛಾಯಾಚಿತ್ರಕ್ಕೂ ಸಲ್ಲುವುದೆ, ಸಂದರೆ ಅದರಿಂದ ನಿವಾರಿತವಾಗುವ ಅಮಂಗಳವು ಯಾರದು ಎಂಬ ಪ್ರಶ್ನೆಗಳಿಗೆ ಒರೆಗಲ್ಲಾಗಬಲ್ಲ ಗ್ರಂಥಮಾಲೆಯೊಂದುಂಟು. ಅದು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪರ್ವತಸಂಚಾರಿಗಳ ಸಂಘವಾದ ಸಿಯೆರಾ ಕ್ಲಬ್ಬು ಪ್ರಕಟಿಸಿದ ಚಿತ್ರಗ್ರಂಥಗಳ ಮಾಲೆ.

ಈ ಸಂಘವು 1892ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಸ್ಥಾಪಿತವಾಯಿತು. ಜಾನ್ ಮ್ಯೂರ್ ಅದರ ಮೊದಲ ಅಧ್ಯಕ್ಷನು. 1901ರಿಂದ ಸದಸ್ಯರನ್ನು ಕೂಡಿಕೊಂಡು ಬೆಟ್ಟಗಳಲ್ಲಿ ದೀರ್ಘ ಸಂಚಾರಗಳನ್ನು ನಡೆಸುವ ಪದ್ಧತಿಯೂ ಬಂದಿತು. ಬೆಟ್ಟವನ್ನು ನಡೆದು ಅರಿತವರೇ ಅದನ್ನು ಕಾಯಲು ಮುಂದಾಗುವರೆಂಬುದು ಈ ಸಂಚಾರಗಳ ಹಿಂದಿನ ನಂಬಿಕೆ. ಆದರೆ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದೊಳಗಿನ ಹೆಚ್ ಹೆಚೀ ಕಣಿವೆಯನ್ನು ನಗರದ ನೀರಿಗಾಗಿ ಮುಳುಗಿಸಲು 1913ರಲ್ಲಿ ಶಾಸನವಾದಾಗ ಮ್ಯೂರನ ಬರಹಗಳು ಅದನ್ನು ತಡೆಯಲಾರದೆ ಹೋದುವು. ಅಣೆಕಟ್ಟು 1923ರಲ್ಲಿ ಮುಗಿಯಿತು. ಕಣಿವೆಯನ್ನು ಕಣ್ಣಾರೆ ಕಂಡಿದ್ದವರು ವಿರಳ. ಕಾಣದ ವಸ್ತುವಿಗಾಗಿ ಮರುಗುವವರಿಲ್ಲ; ಮುಂದಿನ ಚಿತ್ರಗ್ರಂಥಗಳೆಲ್ಲವೂ ಈ ಕೊರತೆಯನ್ನು ತುಂಬುವ ಪ್ರಯತ್ನಗಳೇ ಸರಿ.

ಮೊದಲನೆಯ ಫಲವು ಆನ್ಸೆಲ್ ಆಡಮ್ಸನ ಕ್ಯಾಮರಾದಿಂದ ದೊರೆಯಿತು. 1933ರಲ್ಲಿ ಸಿಯೆರಾ ಶಿಖರವೊಂದರಲ್ಲಿ ಬಿದ್ದು ಮಡಿದ ತರುಣ ಆರೋಹಿಯೊಬ್ಬನ ನೆನಪಿಗಾಗಿ ಅವನ ತಂದೆಯು ಮಾಡಿಸಿದ ಗ್ರಂಥವು 1938ರಲ್ಲಿ ಹೊರಬಿದ್ದಿತು. ಅಚ್ಚಾದುವು ಕೇವಲ 500 ಪ್ರತಿಗಳು. ಅವುಗಳಲ್ಲೊಂದು ಆಂತರಿಕ ವ್ಯವಹಾರಗಳ ಕಾರ್ಯದರ್ಶಿ ಇಕೀಸನ ಮೂಲಕ ಅಧ್ಯಕ್ಷ ರೂಸ್‌ವೆಲ್ಟನನ್ನು ಮುಟ್ಟಿತು. 1940ರಲ್ಲಿ ಕಿಂಗ್ಸ್ ಕಣಿವೆಯು ರಾಷ್ಟ್ರೀಯ ಉದ್ಯಾನವಾಯಿತು. ಶಾಸನಕ್ಕೆ ಗ್ರಂಥವೊಂದೇ ಕಾರಣವೆನ್ನುವುದು ಅತಿಶಯೋಕ್ತಿ. ಆದರೆ ಮಗನ ಸ್ಮರಣೆಗಾಗಿ ಹುಟ್ಟಿದ ಕೃತಿಯು ನಾಡಿನ ಸ್ವತ್ತಿನ ರಕ್ಷಣೆಗೆ ಒದಗಿದುದು ಸ್ಮರಣೀಯವಾದ ಸಂಗತಿ.

ಈ ಸಾಧನವನ್ನು ನೀತಿಯಾಗಿ ಬೆಳೆಸಿದವನು ಡೇವಿಡ್ ಬ್ರೌವರ್. 1939ರಲ್ಲಿ ನ್ಯೂ ಮೆಕ್ಸಿಕೊದ ಶಿಪ್‌ರಾಕ್ ಶಿಲಾಶಿಖರವನ್ನು ಮೊದಲು ಏರಿದ ನಾಲ್ವರಲ್ಲಿ ಒಬ್ಬನಾದ ಈತನು 1952ರಲ್ಲಿ ಸಂಘದ ಪ್ರಥಮ ಕಾರ್ಯನಿರ್ವಾಹಕ ನಿರ್ದೇಶಕನಾದನು. ಡೈನೋಸಾರ್ ರಾಷ್ಟ್ರೀಯ ಸ್ಮಾರಕದೊಳಗೆ ಎಕೋ ಪಾರ್ಕಿನಲ್ಲಿ ಕಟ್ಟಬೇಕೆಂದಿದ್ದ ಅಣೆಕಟ್ಟನ್ನು ವಿರೋಧಿಸಿ ವಾಲೆಸ್ ಸ್ಟೆಗ್ನರನ ಸಂಪಾದಕತ್ವದಲ್ಲಿ 1955ರಲ್ಲಿ ಬಂದ ಗ್ರಂಥವನ್ನು ಕಾಂಗ್ರೆಸಿನ ಸದಸ್ಯರಿಗೆಲ್ಲ ಹಂಚಲಾಯಿತು. 1956ರ ಶಾಸನದಿಂದ ಎಕೋ ಪಾರ್ಕು ಉಳಿಯಿತು. ಆದರೆ ಅದೇ ಶಾಸನವು ಕೊಲೊರಾಡೊ ನದಿಯ ಗ್ಲೆನ್ ಕಣಿವೆಗೆ ಅಣೆಕಟ್ಟನ್ನು ವಿಧಿಸಿತು. ಸಂಘವು ತನ್ನ ವಿರೋಧವನ್ನು ಹಿಂತೆಗೆದುಕೊಂಡಿತು. ಚಿತ್ರವಿದ್ದ ಕಣಿವೆ ಉಳಿದು, ಚಿತ್ರವಿಲ್ಲದ ಕಣಿವೆ ಮುಳುಗಿತು.

1960ರಲ್ಲಿ ಆಡಮ್ಸ್ ಮತ್ತು ನ್ಯಾನ್ಸಿ ನ್ಯೂಹಾಲರ ‘ದಿಸ್ ಈಸ್ ದಿ ಅಮೆರಿಕನ್ ಅರ್ತ್’ ಗ್ರಂಥದೊಡನೆ ದೊಡ್ಡ ಆಕಾರದ ಮಾಲೆಯು ಪ್ರಾರಂಭವಾಯಿತು. ಒಂದೇ ನೋಟಕ್ಕೆ ಹಿಡಿಯದೆ ಕಣ್ಣು ಪುಟದ ಮೇಲೆ ಸಂಚರಿಸಬೇಕೆಂಬುದು ಈ ಆಕಾರದ ಉದ್ದೇಶ. ಕಾಲಿಗೆ ಬೆಟ್ಟವು ಹೇಗೋ ಕಣ್ಣಿಗೆ ಪುಟವು ಹಾಗೆ. ಸಂಚಾರಿಗಳ ಸಂಘಕ್ಕೆ ಇದು ತಕ್ಕ ಕಲ್ಪನೆಯೇ. ಆಡಮ್ಸನ ಕಪ್ಪುಬಿಳುಪಿನ ಶಿಖರಗಳಲ್ಲಿ ಗಾಂಭೀರ್ಯವು ಸಹಜವಾಗಿದೆ. ನ್ಯೂಹಾಲಳ ಮಾತು ಮಾತ್ರ ಪದ್ಯದಂತೆ ಸಾಲು ಮುರಿದು, ಉಚ್ಚಸ್ವರವನ್ನು ಇಳಿಸದೆ ಸಾಗುವುದರಿಂದ, ಚಿತ್ರವು ಮೌನವಾಗಿ ಸಾಧಿಸಿದುದನ್ನು ಮತ್ತೆ ಘೋಷಿಸುವಂತೆ ತೋರುತ್ತದೆ. ವ್ಯಂಗ್ಯವಾಗಿದ್ದುದನ್ನು ವಾಚ್ಯಮಾಡಿದರೆ ರಸವು ತೆಳುವಾಗುವುದಲ್ಲದೆ ಹೆಚ್ಚುವುದಿಲ್ಲ.

ಮಾಲೆಯಲ್ಲಿ ಶ್ರೇಷ್ಠವೆನ್ನಬಹುದಾದುದು 1963ರಲ್ಲಿ ಬಂದ ಎಲಿಯಟ್ ಪೋರ್ಟರನ ‘ದಿ ಪ್ಲೇಸ್ ನೋ ಒನ್ ನ್ಯೂ’. ಗ್ಲೆನ್ ಕಣಿವೆಯ ಅಣೆಕಟ್ಟಿನ ಬಾಗಿಲು ಮುಚ್ಚಿದ ವರ್ಷವೂ ಅದೇ. ವೈದ್ಯಶಿಕ್ಷಣ ಪಡೆದಿದ್ದ ಪೋರ್ಟರನು ವರ್ಣಚಿತ್ರದಲ್ಲಿ ನುರಿತವನು. ಆಡಮ್ಸನಂತೆ ದೂರದ ಶಿಖರಗಳಿಗೆ ಕಣ್ಣೆತ್ತದೆ, ಒದ್ದೆಗಲ್ಲಿನ ಮೇಲಣ ಆಕಾಶದ ನೀಲಿ, ಬಂಡೆಯ ಮೈಯಲ್ಲಿ ಖನಿಜವು ಇಳಿದ ಗೆರೆ, ಮರಳಿನಲ್ಲಿ ನೀರು ಬರೆದ ಸುಕ್ಕು, ಇಂಥವನ್ನೇ ಅವನು ಹಿಡಿದಿರುವನು. ಆಕಾಶವು ನೇರವಾಗಿ ಕಾಣುವ ಚಿತ್ರಗಳು ಕಡಮೆ. ಓದುಗನು ಕಣಿವೆಯ ತಳದಲ್ಲಿಯೇ ನಿಂತಂತಾಗುವುದು. ಪುಟವನ್ನು ತಿರುವುವಾಗ ಆ ತಳವು ನೀರಿನ ಪಾಲಾಯಿತೆಂಬ ಅರಿವು ಪ್ರತಿ ಚಿತ್ರಕ್ಕೂ ಕರುಣರಸವನ್ನು ಕೂಡಿಸುವುದು. ಮುನ್ನುಡಿಯಲ್ಲಿ ಬ್ರೌವರನು ಆ ನಾಶದ ಹೊಣೆಯಲ್ಲಿ ತನಗೂ ಪಾಲುಂಟೆಂದು ಒಪ್ಪಿಕೊಂಡಿರುವನು. ಪ್ರಚಾರಗ್ರಂಥಗಳಲ್ಲಿ ಇಂಥ ಪಶ್ಚಾತ್ತಾಪವು ಅಪರೂಪ.

ಆದರೂ ಗ್ರಂಥದ ಹೆಸರೇ ಅದರ ದೋಷವನ್ನು ಸಾರುತ್ತದೆ. ಯಾರೂ ಅರಿಯದ ತಾಣವೆಂಬುದು ನಿಜವಲ್ಲ. ಕಣಿವೆಗೆ ಈ ಹೆಸರನ್ನಿಟ್ಟುದೇ 1869ರಲ್ಲಿ ದೋಣಿಯಲ್ಲಿ ಹಾಯ್ದ ಪೊವೆಲ್. ಅವನಿಗಿಂತ ಎಷ್ಟೋ ಶತಮಾನಗಳ ಮೊದಲು ಅಲ್ಲಿ ಪ್ರಾಚೀನ ಪ್ಯೂಬ್ಲೊ ಜನರ ಮನೆಗಳೂ ಬಂಡೆಚಿತ್ರಗಳೂ ಇದ್ದುವು. ಪಕ್ಕದ ಕಾಮನಬಿಲ್ಲಿನ ಆಕಾರದ ಕಲ್ಲುಕಮಾನು ನವಾಹೊ ಜನರಿಗೆ ಪವಿತ್ರಸ್ಥಾನ. ಇವರಾರೂ ‘ಅರಿತವರ’ ಲೆಕ್ಕಕ್ಕೆ ಬರಲಿಲ್ಲ. ಇದು ಪೋರ್ಟರನೊಬ್ಬನ ಕಣ್ಣಿನ ಕುಂದಲ್ಲ. ‘ವಿಂಟರ್ ಸನ್‌ರೈಸ್’ ಎಂಬ 1944ರ ಪ್ರಸಿದ್ಧ ಚಿತ್ರದಲ್ಲಿ, ಲೋನ್ ಪೈನ್ ಊರಿನ ಶಾಲೆಯ ಹುಡುಗರು ಗುಡ್ಡದ ಮೇಲೆ ಬಿಳಿದಾಗಿ ಬರೆದಿದ್ದ ಎರಡು ಅಕ್ಷರಗಳನ್ನು ಆಡಮ್ಸನು ಅಳಿಸಿಹಾಕಿದನು. ಅದೇ ವರ್ಷ ಅದೇ ಸೀಮೆಯ ಮಂಜನಾರ್ ಶಿಬಿರದಲ್ಲಿ ಬಂಧಿತರಾಗಿದ್ದ ಜಪಾನೀ ಮೂಲದ ಅಮೆರಿಕನ್ನರ ಮುಖಗಳನ್ನು ಸಹಾನುಭೂತಿಯಿಂದ ಚಿತ್ರಿಸಿ ಗ್ರಂಥವಾಗಿಸಿದವನೂ ಅವನೇ. ಮನುಷ್ಯನನ್ನು ಕಾಣಬಲ್ಲ ಕಣ್ಣೇ ಬೆಟ್ಟದ ಚಿತ್ರದಲ್ಲಿ ಮನುಷ್ಯನ ಗುರುತನ್ನು ಒರಸಿತು. ಆದುದರಿಂದ ದೋಷವು ಪ್ರತಿಭೆಯದಲ್ಲ. ನಿರ್ಜನವಾದುದೇ ಪವಿತ್ರವೆಂಬ ಕವಿಸಮಯದ್ದು. ಮ್ಯೂರನ ಬರಹಗಳಲ್ಲಿ ಮೂಲನಿವಾಸಿಗಳನ್ನೂ ಕಪ್ಪು ಜನರನ್ನೂ ಕುರಿತ ಹೀನೋಕ್ತಿಗಳಿರುವುವೆಂದು 2020ರಲ್ಲಿ ಸಂಘವೇ ಬಹಿರಂಗವಾಗಿ ಒಪ್ಪಿಕೊಂಡಿತು.

ಈ ಕವಿಸಮಯದ ಬೆಲೆಯನ್ನು ಮುಂದಿನ ಗೆಲುವಿನಲ್ಲಿ ಕಾಣಬಹುದು. ಗ್ರ್ಯಾಂಡ್ ಕ್ಯಾನ್ಯನ್ ಸೀಮೆಯಲ್ಲಿ ಎರಡು ಅಣೆಕಟ್ಟುಗಳನ್ನು ಕಟ್ಟುವ ಯೋಜನೆಯ ವಿರುದ್ಧ ಸಂಘವು 1964ರಲ್ಲಿ ಗ್ರಂಥವನ್ನೂ 1966ರಲ್ಲಿ ಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತುಗಳನ್ನೂ ಪ್ರಕಟಿಸಿತು. ತೆರಿಗೆಯ ಅಧಿಕಾರಿಗಳು ಒಡನೆಯೇ ಸಂಘದ ವಿನಾಯಿತಿಗೆ ಕೈಹಾಕಿದರು, ಸಂಘವು ಹಿಂಜರಿಯಲಿಲ್ಲ. 1968ರ ಶಾಸನದಲ್ಲಿ ಆ ಅಣೆಕಟ್ಟುಗಳು ಬಿಟ್ಟುಹೋದುವು. ಆದರೆ ಅರಿಜೋನಕ್ಕೆ ನೀರೆತ್ತಲು ಬೇಕಾದ ವಿದ್ಯುತ್ತು ನವಾಹೊ ನೆಲದಲ್ಲಿ ಕಲ್ಲಿದ್ದಲು ಸುಡುವ ಸ್ಥಾವರದಿಂದ ಬಂದಿತು. ಬ್ಲಾಕ್ ಮೆಸಾ ಗುಡ್ಡವನ್ನು ಅಗೆದು ತಂದ ಕಲ್ಲಿದ್ದಲನ್ನು ಆ ಸ್ಥಾವರವು 2019ರ ವರೆಗೆ ಉರಿಸಿತು. ಹೊಗೆಗೂ ಗಣಿಗೂ ದೊಡ್ಡ ಆಕಾರದ ಗ್ರಂಥ ಬರಲಿಲ್ಲ.

ಹಾಗಾದರೆ ಈ ಗ್ರಂಥಗಳು ವ್ಯರ್ಥವೆ? ಹಾಗೆನ್ನುವುದು ಅನ್ಯಾಯ. ಉಳಿದ ಕಣಿವೆಗಳು ಕಣ್ಣೆದುರಿಗಿವೆ. ಕಾಂತಾಸಂಮಿತವಾದ ಉಪದೇಶವು ಚಿತ್ರಕ್ಕೂ ಸಾಧ್ಯವೆಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಪ್ರಮಾಣ ಬೇಕಿಲ್ಲ. ಆದರೆ ಒಲಿಸುವ ಮಾತು ಒಂದರ ಕಡೆಗೆ ಒಲಿಸುವಾಗ ಇನ್ನೊಂದನ್ನು ಮರೆಸಲೂಬಲ್ಲುದು. ಸುಂದರವಾದುದನ್ನು ಕಾಪಾಡಿದ ಈ ಕಲೆಯು ಸುಂದರವಲ್ಲದ ನೆಲದ ಮೇಲೆ, ಎಂದರೆ ಬಡವರ ನೆಲದ ಮೇಲೆ, ಭಾರವು ಸರಿಯುವುದನ್ನು ನೋಡಲಿಲ್ಲ. ಬೆಟ್ಟಗಳಲ್ಲಿ ಸಂಚರಿಸುತ್ತ ಇಂದಿಗೂ ಚಿತ್ರ, ಚಲಚ್ಚಿತ್ರ, ಗ್ರಂಥಗಳಿಂದ ಹೋರಾಡುವವರು ಪೋರ್ಟರನ ಸೂಕ್ಷ್ಮದೃಷ್ಟಿಯನ್ನು ಇಟ್ಟುಕೊಂಡು ಅವನ ಗ್ರಂಥದ ಹೆಸರನ್ನು ಬಿಡಬೇಕಾಗಿದೆ.

1980ರಲ್ಲಿ ಮೊದಲ ಬಾರಿಗೆ ತುಂಬಿದ ಪೊವೆಲ್ ಸರೋವರವು ಬರಗಾಲಗಳಿಂದಲೂ ಮಿತಿಮೀರಿದ ಬಳಕೆಯಿಂದಲೂ ಇಳಿಯುತ್ತ ಬಂದು, 2023ರ ಆರಂಭದಲ್ಲಿ ಅಂದಿನಿಂದೀಚಿನ ಅತ್ಯಂತ ಕೆಳಮಟ್ಟವನ್ನು ಮುಟ್ಟಿತು. ಮುಳುಗಿದ್ದ ಕವಲುಕಣಿವೆಗಳು ಹೊರಬಂದುವು. ಹೂಳಿನ ನಡುವೆ ನೀರುಹಬ್ಬೆಯ ಗಿಡಗಳು ಚಿಗುರಿದುವು. ಚರಮಗೀತೆಯೆಂದು ಬರೆದ ಗ್ರಂಥವು ಹೀಗೆ ಸಾಕ್ಷಿಪತ್ರವಾಗಿ ಪರಿಣಮಿಸಿದೆ: ಹಿಂದೆ ಏನಿತ್ತೆಂಬುದನ್ನು ಈಗ ಪುಟದ ಪಕ್ಕದಲ್ಲಿ ಕಣಿವೆಯನ್ನೇ ಇಟ್ಟು ನೋಡಬಹುದು. ಈ ಬಾರಿಯ ಚಿತ್ರದಲ್ಲಿ ಅಲ್ಲಿಯ ಜನರೂ ಇದ್ದರೆ ಮಾತ್ರ ಅದು ಪೂರ್ಣವಾದೀತು.