ಪೆಟ್ಟಿಗೆಯಿಲ್ಲದ ಸಂಜೆ

ಧಾರವಾಡ ರೇಡಿಯೋ ನಿಲಯ 1950ರಲ್ಲಿ ಆರಂಭವಾಯಿತು. ಶಾಸ್ತ್ರೀಯ ಸಂಗೀತ, ವಚನ, ಜಾನಪದ, ರಂಗಗೀತೆ ಎಂದು ವೈವಿಧ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ದೊಡ್ಡಾಟಕ್ಕೂ ಕಂಪನಿ ನಾಟಕಕ್ಕೂ ಆಸರೆಯಾದ ಹಾರ್ಮೋನಿಯಂಗೆ ಅಲ್ಲಿ ಜಾಗವಿರಲಿಲ್ಲ. 1940ರಲ್ಲೇ ಅದನ್ನು ದೇಶದ ಬಾನುಲಿಯಿಂದ ಹೊರಗಿಡಲಾಗಿತ್ತು. ನಿಷೇಧ ಸಡಿಲವಾದದ್ದು 1970ರ ದಶಕದಲ್ಲಿ.

ಗಮಕ, ಮೀಂಡ್ ಅದರಲ್ಲಿ ಸರಿಯಾಗಿ ನುಡಿಯವು ಎಂಬ ಸಂಗೀತಗಾರರ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ‘ಪರದೇಶಿ ವಾದ್ಯ’ ಎಂಬ ಇನ್ನೊಂದು ಕಾರಣವನ್ನು ಮಾತ್ರ ಒಪ್ಪಲಾರೆವು. ಮೈಕೂ ರೇಡಿಯೋವೂ ಬಂದದ್ದು ಪರದೇಶದಿಂದಲೇ ಅಲ್ಲವೇ? ತಲೆಮಾರುಗಳಿಂದ ನಮ್ಮೂರಲ್ಲೇ ಬಾಳಿದವರಿಗೂ ಹೊರಗಿನವರೆಂಬ ಹಣೆಪಟ್ಟಿ ಹಚ್ಚುವ ತರ್ಕ ಇದೇ. ರಂಗಗೀತೆಯನ್ನು ಒಳಗೆ ಕರೆದು, ಅದರ ಪೆಟ್ಟಿಗೆಯನ್ನು ಬಾಗಿಲಲ್ಲೇ ನಿಲ್ಲಿಸಿದ ಸಂಜೆಯನ್ನು ವೈವಿಧ್ಯಮಯವೆನ್ನಲು ನಮಗೆ ಮನಸ್ಸು ಬಾರದು.